ಇಬ್ಬರ ಗಿಟಾರು

ದಾಸನಕೊಪ್ಪ
೧೨-೨-೧೯೬೩

ಇನಾಸಣ್ಣನವರಿಗೆ ಮುರಿಗೆವ್ವನ ಶರಣು.

ಹೋದ ವರ್ಷ ನೀವೂ ನಮ್ಮ ಮನೆಯವರೂ ಮುಂಬಯಿಯಲ್ಲಿ ಗಿಟಾರು ನುಡಿಸಿ ಬಂದಿರಲ್ಲ, ಅದರ ರೆಕಾರ್ಡು ಒಡೆಯದೆ ತಲುಪಿತು. ಗಾಡಿ ಉರುಳಿ ಬಲಗೈ ಸ್ವಾಧೀನ ತಪ್ಪಿದ ಮೇಲೆ ಇವರು ಗಿಟಾರಿನ ಮಾತೆತ್ತಲೂ ಬಿಡುತ್ತಿರಲಿಲ್ಲ. ಆದರೂ ನಿನ್ನೆ ಮಾಸ್ತರರ ಮನೆಯಿಂದ ಗ್ರಾಮಫೋನು ತರಿಸಿ ಹಾಕಿಸಿದೆ.

ನಮ್ಮತ್ತೆಯ ಬೀಸುವ ಪದಕ್ಕೆ ನಿಮ್ಮ ಗೋವೆಯ ಕುಣಿತದ ಧಾಟಿ ಬೆರೆಸಿ, ಸಂತೆ ಮುಗಿಸಿ ಬಂದು ಜಗಲಿಯಲ್ಲಿ ನುಡಿಸುತ್ತಿದ್ದಿರಲ್ಲ, ಅದೇ. ಅತ್ತೆ ಇದ್ದಿದ್ದರೆ "ನನ್ನ ಪದಾ ಕೆಡಿಸಿದ್ರಿ" ಎಂದು ಬೈದು, ನಿಮಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದರು.

ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮುಗಿದ ಮೇಲೆ "ಇನ್ನೊಮ್ಮೆ ಹಚ್ಚು" ಎಂದರು. ಆಗ ನೋಡುತ್ತೇನೆ, ಎಡಗೈ ಬೆರಳುಗಳು ಕೌದಿಯ ಅಂಚನ್ನು ತಂತಿಯಂತೆ ಒತ್ತುತ್ತಿದ್ದವು. ಹಾಗೆ ಒತ್ತುತ್ತಲೇ, "ಇನಾಸ ಇತ್ತಾಗ ಬರೂದಿಲ್ಲೇನು?" ಎಂದು ಕೇಳಿದರು.

ಯುಗಾದಿಯೊಳಗೆ ಬನ್ನಿ. ಇವರ ಗಿಟಾರಿನ ತಂತಿಗಳಿಗೆ ತುಕ್ಕು ಹಿಡಿದಿದೆ, ಹೊಸವನ್ನು ತನ್ನಿ. ನಿಮ್ಮ ಗಿಟಾರು ಹೊತ್ತು ತರಬೇಡಿ, ಒಂದೇ ಸಾಕು. ಅವರು ಎಡಗೈಯಲ್ಲಿ ತಂತಿ ಒತ್ತಲಿ, ಪಕ್ಕದಲ್ಲಿ ಕೂತು ನೀವು ಮೀಟಿ.

ನಿಮ್ಮ ತಂಗಿ
ಮುರಿಗೆವ್ವ