ಸುಣ್ಣ ಬಳಿದ ಕಿಟಕಿ

ಮಾನ್ಯ ಪುರಸಭಾ ಆರೋಗ್ಯಾಧಿಕಾರಿಗಳೇ,

ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಕಿಟಕಿಗಳಿಗೆ ನೀವು ಸುಣ್ಣ ಬಳಿಸಿದ್ದೀರಿ. ಒಳಗೆ ಗಂಟಲಮಾರಿಯಿಂದ ನರಳುತ್ತಿರುವ ನನ್ನ ಏಳು ವರ್ಷದ ಮಗಳು ಫ್ಲೋರಿ ಹೇಗಿದ್ದಾಳೆಂದು ತಿಳಿಯಲು ನನಗಿದ್ದದ್ದು ಆ ಗಾಜೊಂದೇ.

ತಾಯಂದಿರು ಕಂಡರೆ ಮಕ್ಕಳು ಹಟ ಮಾಡುತ್ತವೆ, ಕಾಣದಿದ್ದರೆ ಹೊಂದಿಕೊಳ್ಳುತ್ತವೆ ಎಂದು ಅಪ್ಪಣೆ ಕೊಡಿಸಿದ್ದೀರಿ. ಎಂಥ ಕರುಣೆ! ಹೋದ ಮಂಗಳವಾರದವರೆಗೆ ಈ ಕರುಣೆ ಎಲ್ಲಿ ಮಲಗಿತ್ತು? ಆ ಮಂಗಳವಾರ ನಡೆದದ್ದನ್ನು ಈ ಬಹಿರಂಗ ಪತ್ರದಲ್ಲಿ ಊರಿಗೆ ನಾನೇ ಹೇಳುತ್ತೇನೆ.

ನಾನು ಹತ್ತಿಗಿರಣಿಯಲ್ಲಿ ನೇಯುವವಳು. ಮಗ್ಗಗಳ ಗದ್ದಲದಲ್ಲಿ ಕೂಗಿದರೂ ಕೇಳಿಸದು. ಅಲ್ಲಿ ನಾವು ಹೆಂಗಸರು ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡುವುದು. ಮನೆಗೆ ಬಂದರೂ ಆ ಚಾಳಿ ಬಿಡದು, ಹಾಗಾಗಿ ಫ್ಲೋರಿಗೂ ಬಂದಿದೆ. ಕಾಯಿಲೆಗೆ ಅವಳ ದನಿ ಪೂರ್ತಿ ಬಿದ್ದುಹೋಗಿದೆ. ಆದರೂ ದಿನಾ ಮುಚ್ಚಿದ ಗಾಜಿನಾಚೆಯಿಂದ ಎಲ್ಲ ವರದಿ ಒಪ್ಪಿಸುತ್ತಿದ್ದಳು: ಗಂಜಿ ಸಪ್ಪೆಯಂತೆ, ದಾದಿಯ ಮೂಗು ಉದ್ದವಂತೆ. ಆ ದಿನ ಮಾತ್ರ ಅವಳ ತುಟಿ ಹೇಳಿದ್ದೇ ಬೇರೆ.

“ಅಮ್ಮಾ, ಪಕ್ಕದ ಮಂಚದ ಹುಡುಗಿ ಐವಿಗೆ ಉಸಿರು ಸಿಕ್ತಿಲ್ಲ. ಇಲ್ಲಿ ಯಾರೂ ಇಲ್ಲ.”

ಗೇಟಿಗೆ ಓಡಿ ಹೇಳಿದೆ. ಕಾವಲುಗಾರ ನಕ್ಕ.

“ಏನಮ್ಮಾ, ಗಾಜು ಮಾತಾಡ್ತಾ ನಿನ್ ಹತ್ರ?”

ಗಂಟಲು ಹರಿಯುವಂತೆ ಕಿರುಚಿದ ಮೇಲೆ ದಾದಿಯೊಬ್ಬಳು ಹೋಗಿ ನೋಡಿದಳು. ಐವಿ ನೀಲಿಗಟ್ಟಿದ್ದಳಂತೆ. ಸದ್ಯ, ಬದುಕಿಕೊಂಡಳು. ಮರುದಿನವೇ ಸುಣ್ಣದ ಬಕೆಟ್ಟು ಬಂತು.

ಸ್ವಾಮಿ, ವಾರ್ಡಿನಲ್ಲಿ ಯಾರೂ ಇರಲಿಲ್ಲವೆಂದು ಹೊರಗಿನವಳಿಗೆ ತಿಳಿದುಬಿಟ್ಟದ್ದು ಗಂಟಲಮಾರಿಗಿಂತ ದೊಡ್ಡ ರೋಗವೇ? ದಾದಿಯರ ಮೇಲೆ ನನಗೆ ಸಿಟ್ಟಿಲ್ಲ; ಇಬ್ಬರೇ ಎಷ್ಟು ಮಂಚಕ್ಕೆ ಓಡಿಯಾರು? ಇನ್ನಿಬ್ಬರನ್ನು ನೇಮಿಸುವುದಕ್ಕಿಂತ ಗಾಜಿಗೆ ಸುಣ್ಣ ಹೊಡೆಸುವುದು ನಿಮಗೆ ಸಲೀಸಾಯಿತು.

ಈಗ ಗೇಟಿನಲ್ಲಿ ದಿನವೂ ಒಂದೇ ಉತ್ತರ: “ಹೊಂದ್ಕೊಂಡಿದ್ದಾಳೆ, ಹೋಗಮ್ಮ.” ನನ್ನ ಫ್ಲೋರಿ ಹುಟ್ಟಿದಾಗಿನಿಂದ ಯಾವುದಕ್ಕೂ ಹೊಂದಿಕೊಂಡವಳಲ್ಲ. ನಾಳೆ ಅವಳದೇ ಉಸಿರು ಕಟ್ಟಿದರೆ ಅವಳು ಯಾರಿಗೆ ಹೇಳಬೇಕು, ಸುಣ್ಣಕ್ಕೇ?

ನಾನು ಒಳಗೆ ಬರುವುದಿಲ್ಲ, ಅವಳನ್ನು ಮುಟ್ಟುವುದಿಲ್ಲ. ನಿಮ್ಮ ನಿಯಮಗಳೆಲ್ಲ ಹಾಗೇ ಇರಲಿ. ಅವಳ ಮಂಚದೆದುರಿನ ಗಾಜಿನಲ್ಲಿ ಒಂದು ಬಾಯಿ ಕಾಣುವಷ್ಟು ಸುಣ್ಣ ಕೆರೆಸಿ. ಇವತ್ತೇ ಕೆರೆಸಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಒಳಗೆ ಅವಳು ಏನೋ ಹೇಳುತ್ತಲೇ ಇದ್ದಾಳೆ.

ಇಂತಿ,
ಹೊಂದಿಕೊಳ್ಳಲು ಬಾರದ
ಹ್ಯಾನಾ ಎಂಟ್‌ವಿಸಲ್
ಫ್ಲೋರಿಯ ತಾಯಿ
ಲ್ಯಾಂಕಾಷೈರ್, ನವೆಂಬರ್ 1929