ಹಾಜಿಯ ಮುಂದಿಟ್ಟ ಕಾಫಿ

ಪ್ಯಾಟರ್ಸನ್, ನ್ಯೂಜೆರ್ಸಿ
೧೨ ಮಾರ್ಚ್ ೨೦೧೭

ಮಗಳೇ ಲುಬ್ನಾ,

ಹೇಗಿದ್ದೀಯ ಎಂದು ಕೇಳಲು ನನಗೆ ಇಷ್ಟು ತಿಂಗಳು ಹಿಡಿಯಿತು, ಕ್ಷಮಿಸು. ಫೋನಿನಲ್ಲಾದರೆ ನಿನ್ನ ಗಂಡನೂ ಕೇಳಿಸಿಕೊಳ್ಳುತ್ತಾನೆ. ಅದಕ್ಕೇ ನೀನು ಹೊಲಿಯುವ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಶುಕ್ರವಾರ ನಮಾಜು ಮುಗಿಸಿ ಹಾಜಿ ಅತ್ವಾನ್ ಹಿರಿಯರ ದಂಡು ಕಟ್ಟಿಕೊಂಡು ಬಂದ, ನಿನ್ನ ತಂಗಿ ತಹಾನಿಯನ್ನು ತನ್ನ ಮೊಮ್ಮಗನಿಗೆ ಕೇಳಲು. ಅವಳ ನರ್ಸಿಂಗ್ ಓದು ಇನ್ನೂ ಮುಗಿದಿಲ್ಲ. ಬೇಡವೆಂದು ಅತ್ತು ಅತ್ತು ಊಟ ಬಿಟ್ಟಿದ್ದಳು. ನಾನು ಕಾಫಿ ಕಾಸಿ ಗಂಡಸರು ಕೂತ ಕೋಣೆಯ ಬಾಗಿಲವರೆಗೆ ಒಯ್ದೆ. ಹಾಜಿ ತನ್ನ ಬಟ್ಟಲನ್ನು ತುಟಿಗೆ ಮುಟ್ಟಿಸದೆ ಮೇಜಿನ ಮೇಲಿಟ್ಟು, "ನಯೀಫ್, ಕೇಳಿದ್ದು ಕೊಡೋವರ್ಗೂ ನಾನು ಕುಡಿಯೋದಿಲ್ಲಪ್ಪ," ಎಂದ. ನಿನ್ನ ತಂದೆ "ಕುಡೀರಿ" ಎಂದರೆ ಮಾತು ಕೊಟ್ಟ ಹಾಗೆ.

ಅವರು ಬಾಯಿ ತೆರೆಯುವ ಮೊದಲೇ ನಿನ್ನ ಅಜ್ಜಿ ಕೋಲೂರಿಕೊಂಡು ನೇರ ಗಂಡಸರ ನಡುವೆ ಹೋದರು. ಹಾಜಿಯ ಬಟ್ಟಲನ್ನೆತ್ತಿ, ನಿಂತೇ, ಗಸಿಯವರೆಗೂ ಕುಡಿದರು!

"ಯಮ್ಮಾ! ಏನ್ ಮಾಡ್ತಿದೀಯ?" ನಿನ್ನ ತಂದೆ ಕೂಗಿದರು.

"ಕುಡೀತಿದೀನಿ. ಕಾಣಲ್ವಾ?"

"ನಯೀಫನ ತಾಯೀ, ಅದು ನನ್ ಕಾಫಿ..." ಹಾಜಿ ತೊದಲಿದ.

"ಗೊತ್ತು ಕಣಯ್ಯ. ಮದ್ವೆ ಆದಾಗಿಂದ ನಿಮ್ಮಂಥೋರಿಗೆ ಕಾಸಿ ಕಾಸಿ ಕೊಟ್ಟೆ, ಒಂದ್ಸಲಾನೂ ರುಚಿ ನೋಡಿರ್ಲಿಲ್ಲ. ಥೂ, ಏನ್ ಕಹಿ! ಹುಡುಗೀನ ಒಂದ್ಮಾತು ಯಾರಾದ್ರೂ ಕೇಳಿದ್ರಾ?"

ಬಟ್ಟಲನ್ನು ಬೋರಲು ಹಾಕಿ ಒಳಗೆ ಬಂದರು. ಬಂದವರು ಒಬ್ಬೊಬ್ಬರೇ ತಮ್ಮ ಚಪ್ಪಲಿ ಹುಡುಕಿಕೊಂಡರು.

ನಿನ್ನ ತಂದೆ ಇವತ್ತೂ ಅದೇ ಕುರ್ಚಿಯಲ್ಲಿ ಕೂತಿದ್ದಾರೆ. ತಹಾನಿ ಆವತ್ತು ಮಕ್ಲೂಬೆ ಅನ್ನವನ್ನು ಪಾತ್ರೆಯಿಂದಲೇ ತಿಂದಳು. ನಾನು ಮಾತ್ರ ಒಲೆಯ ಮುಂದೆಯೇ ನಿಂತಿದ್ದೆ. ಹೀಗೂ ಮಾಡಬಹುದಿತ್ತೇ, ಲುಬ್ನಾ? ಇಷ್ಟು ಸುಲಭವಾಗಿ?

ನಿನ್ನ ಕೋಣೆಯ ಹಾಸಿಗೆ ಒಗೆದು ಹಾಸಿದ್ದೇನೆ. ಈ ಸಲ ಬಾಗಿಲು ತೆಗೆಯುವವಳು ನಾನೇ. ಅಲ್ಲಾಹ್ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ವಿದಾದ್

ತಾ.ಕ.: ನೀನು ಕೊರಳ ಮೇಲೆ ಬೆರಳ ಗುರುತು ಹೊತ್ತು ಮನೆಗೆ ಬಂದಾಗಲೂ ಇದೇ ಹಾಜಿ ಬಂದಿದ್ದ, ನಿನ್ನನ್ನು ಗಂಡನ ಹತ್ತಿರ ವಾಪಸ್ ಕಳಿಸಿ ಎಂದು ಕೇಳಲು. ಅಜ್ಜಿ ಆಗ ದೂರದ ನಮ್ಮೂರು ರಮಲ್ಲಾದಲ್ಲಿದ್ದರು. ಆ ಕಾಫಿ ಕಾಸಿದವಳೂ ನಾನೇ. ನೀನು ನನ್ನ ತೋಳು ಹಿಡಿದು, "ಚೆಲ್ಲಿಬಿಡಮ್ಮ," ಅಂದಿದ್ದೆ. ಬಟ್ಟಲುಗಳು ಅಂಚಿನವರೆಗೂ ತುಂಬಿದ್ದವು. ನಾನು ಒಂದು ಹನಿಯೂ ಚೆಲ್ಲದಂತೆ ಒಯ್ದೆ.