ಗುಡ್ಡದ ಮೇಲಿನ ಈಜುಕೊಳ

ಟ್ರೇವಿ, ಆಗಸ್ಟ್ ೧೯

ಪ್ರೀತಿಯ ಅಪ್ಪಾ,

ಈಜುಕೊಳ ಮುಚ್ಚಲು ನೀವು ಗೊತ್ತು ಮಾಡಿರುವ ಮಣ್ಣಿನ ಲಾರಿಯನ್ನು ದಯವಿಟ್ಟು ಇಂದೇ ಬೇಡವೆನ್ನಿ.

ನಿನ್ನೆ ಮಧ್ಯಾಹ್ನ ಗುಡ್ಡದ ಬುಡದಲ್ಲಿ ಬೆಂಕಿ ಹತ್ತಿತು. ಗಾಬರಿ ಬೇಡ, ನಿಮ್ಮ ಆಲಿವ್ ಮರಗಳೆಲ್ಲ ಉಳಿದಿವೆ. ಅಗ್ನಿಶಾಮಕ ಹೆಲಿಕಾಪ್ಟರಿಗೆ ದೂರದ ಕೆರೆಯವರೆಗೆ ಹೋಗಿಬರುವಷ್ಟು ಹೊತ್ತಿರಲಿಲ್ಲ. ಅದು ನಮ್ಮ ಕೊಳದಲ್ಲೇ ಬಕೆಟ್ ಮುಳುಗಿಸಿ, ಹದಿನಾಲ್ಕು ಸಲ ನೀರು ಒಯ್ದು ಬೆಂಕಿ ಆರಿಸಿತು. ಸುತ್ತಲಿನ ಕೋಟೆಯೂರುಗಳನ್ನು ನೋಡಲು ಬಂದು ನಮ್ಮ ಮನೆಯನ್ನು ಬಾಡಿಗೆಗೆ ಹಿಡಿದಿರುವ ಡಚ್ ಕುಟುಂಬ ಒದ್ದೆ ಬಟ್ಟೆಯಲ್ಲೇ ನಿಂತು ಚಪ್ಪಾಳೆ ತಟ್ಟಿತು.

"ನಿನ್ ಮಗಳು ಪರದೇಶದ ಬಾತುಕೋಳಿಗಳಿಗೆ ಹೊಂಡ ತೋಡ್ಸಿದಾಳೆ" ಎಂದು ನಿಮ್ಮ ಕಿವಿ ತುಂಬಿದ್ದ ಪಕ್ಕದ ತೋಟದ ನಜ್ಜರೇನೊ ನನ್ನೆದುರು ಟೋಪಿ ತೆಗೆದರು. "ಏನಮ್ಮಾ, ನನ್ ತೋಟದಲ್ಲೂ ಇಂಥದ್ದೊಂದು ತೋಡ್ಸಿಕೊಡು. ಬಾತುಕೋಳಿಗಳನ್ನ ನಾನೇ ಹುಡುಕ್ಕೋತೀನಿ" ಎಂದರು.

ಈ ಕೊಳಕ್ಕಾಗಿ ನಿಮ್ಮ ತರಕಾರಿ ಮಡಿಗಳನ್ನು ಅಗೆಸಿದ್ದು ಸರಿಯೇ ಎಂದು ಎರಡು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ನಿಮ್ಮನ್ನು ಕೇಳದೆ ಅಗೆಸಿದ್ದು ಈಗಲೂ ತಪ್ಪೇ. ಕೊಳ ಮಾತ್ರ ತಪ್ಪಲ್ಲ.

ಭಾನುವಾರದ ಹೊತ್ತಿಗೆ ಅದು ಮತ್ತೆ ತುಂಬಿರುತ್ತದೆ. ಊಟಕ್ಕೆ ಬನ್ನಿ. ಈಜುವ ಚಡ್ಡಿಯನ್ನೂ ತನ್ನಿ.

ನಿಮ್ಮ ಹಟಮಾರಿ ಮಗಳು,
ಇಲಾರಿಯಾ